ಎರಡು ಕೆಪಾಸಿಟರ್‌ಗಳ ನಡುವಿನ ತಾಮ್ರದ ಪಟ್ಟಿ

1998ರ ಬೇಸಿಗೆಯಲ್ಲಿ ನಾನು ಚಿಕ್ಕಮಗಳೂರಿನಲ್ಲಿ ವಿದ್ಯುತ್ ಸರಬರಾಜಿನ ಟೆಸ್ಟಿಂಗ್ ವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಆಗಿದ್ದೆ. ಹುದ್ದೆಯ ಹೆಸರು ಉದ್ದವಾದರೂ ಕೆಲಸ ಸರಳ. ಸಬ್‌ಸ್ಟೇಷನ್‌ಗಳಿಗೆ ಹೋಗಿ ಮೀಟರು, ರಿಲೇ, ಬ್ರೇಕರುಗಳನ್ನು ಪರೀಕ್ಷಿಸುವುದು, ಯಾವುದಾದರೂ ಕೆಟ್ಟರೆ ಯಾಕೆ ಕೆಟ್ಟಿತು ಎಂದು ಬರೆದುಕೊಡುವುದು. ನಾವು ಬರೆದದ್ದನ್ನು ಯಾರೂ ಓದುವುದಿಲ್ಲ ಎಂಬುದು ಆ ವಿಭಾಗಕ್ಕೆ ಬಂದ ಮೊದಲ ವರ್ಷವೇ ಗೊತ್ತಾಗಿತ್ತು. ಆದರೂ ಬರೆಯುತ್ತಿದ್ದೆವು. ಚಿಕ್ಕಮಗಳೂರಿನಿಂದ ವಸ್ತಾರೆ, ಆಲ್ದೂರು, ಮೂಡಿಗೆರೆ ದಾಟಿ ಕಳಸದವರೆಗೆ ಎಷ್ಟು ತಿರುವುಗಳಿವೆ ಎಂಬುದು ನನಗಿಂತ ಚೆನ್ನಾಗಿ ನನ್ನ ಸೊಂಟಕ್ಕೆ ಗೊತ್ತಿತ್ತು.

ಬೇಸಿಗೆ ನಮಗೆ ಕೆಟ್ಟ ಕಾಲ. ಫೆಬ್ರವರಿ, ಮಾರ್ಚಿನಲ್ಲಿ ಹೂವಿನ ಮಳೆ ಬಾರದಿದ್ದರೆ ಎಸ್ಟೇಟಿನವರು ಹೊಳೆ, ಕೆರೆಗಳಿಗೆ ಮೋಟರ್ ಇಟ್ಟು ರೋಬಸ್ಟಾ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರ್ ಹಾರಿಸುತ್ತಾರೆ. ಆಗ ನೀರು ಸಿಗದಿದ್ದರೆ ಹೂವು ಅರಳುವುದಿಲ್ಲ, ಅರಳದಿದ್ದರೆ ವರ್ಷದ ಫಸಲೇ ಇಲ್ಲ. ಹಾಗಾಗಿ ಎಲ್ಲರೂ ಒಟ್ಟಿಗೆ ಮೋಟರ್ ಹಾಕುತ್ತಾರೆ. ಲೈನಿನ ತುದಿಯಲ್ಲಿರುವವರಿಗೆ ವೋಲ್ಟೇಜ್ ಎಷ್ಟು ಕುಸಿಯುತ್ತಿತ್ತೆಂದರೆ ಮೋಟರುಗಳು ತಿರುಗಲಾರದೆ ಗುಂಯ್‌ಗುಟ್ಟುತ್ತ ಸುಟ್ಟುಹೋಗುತ್ತಿದ್ದವು. ಆಮೇಲೆ ಪ್ಲಾಂಟರ್‌ಗಳು ಗುಂಪಾಗಿ ನಮ್ಮ ಕಚೇರಿಗೆ ಬರುತ್ತಿದ್ದರು.

ವೋಲ್ಟೇಜನ್ನು ಸ್ವಲ್ಪವಾದರೂ ಎತ್ತಿಹಿಡಿಯಲು ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ಒಂದು ಸಬ್‌ಸ್ಟೇಷನ್‌ನಲ್ಲಿ ಹನ್ನೊಂದು ಸಾವಿರ ವೋಲ್ಟಿನ ಸಣ್ಣ ಕೆಪಾಸಿಟರ್ ಬ್ಯಾಂಕ್, ಅಂದರೆ ಕೆಪಾಸಿಟರ್‌ಗಳ ಒಂದು ಜೋಡಣೆ, ಇತ್ತು. ಆ ಊರಿನ ಹೆಸರು ಇಲ್ಲಿ ಬೇಡ. ಕೆಪಾಸಿಟರ್ ಎಂದರೆ, ಒಂದಕ್ಕೊಂದು ತಾಗದಂತೆ ನಡುವೆ ತೆಳುವಾದ ಪದರ ಇಟ್ಟು ಸುತ್ತಿದ ಎರಡು ಲೋಹದ ಹಾಳೆಗಳು. ಅದು ವಿದ್ಯುತ್ತಿನ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತದೆ. ದೊಡ್ಡ ಬಿಸ್ಕತ್ತು ಡಬ್ಬಿಯಂತಹ ಉಕ್ಕಿನ ಪೆಟ್ಟಿಗೆಯಲ್ಲಿ ಬರುವುದರಿಂದ ನಮ್ಮವರು ಅದನ್ನು ಕ್ಯಾನ್ ಎನ್ನುತ್ತಾರೆ. ಮೂರು ಫೇಸ್‌ಗಳಲ್ಲಿ ಒಂದೊಂದಕ್ಕೂ ಎರಡೆರಡು ಕ್ಯಾನ್, ಮೇಲೊಂದು ಕೆಳಗೊಂದು. ಎರಡನ್ನೂ ಸೇರಿಸುವುದು ಒಂದು ತಾಮ್ರದ ಪಟ್ಟಿ. ಹೀಗೆ ಒಂದರ ಹಿಂದೆ ಒಂದನ್ನು ಜೋಡಿಸುವುದಕ್ಕೆ ಸೀರೀಸ್ ಎನ್ನುತ್ತೇವೆ. ಒಂದು ಫೇಸ್‌ನ ಸುಮಾರು ಆರು ಸಾವಿರದ ಮುನ್ನೂರು ವೋಲ್ಟನ್ನು ಒಂದೇ ಕ್ಯಾನ್ ತಡೆಯಲಾರದು. ಎರಡಿದ್ದರೆ ಅರ್ಧರ್ಧ ಹಂಚಿಕೊಳ್ಳುತ್ತವೆ.

ಆದರೆ ಅರ್ಧರ್ಧ ಹಂಚಿಕೊಳ್ಳುವುದು ಎರಡೂ ಒಂದೇ ಅಳತೆಯವಾಗಿದ್ದರೆ, ಅಂದರೆ ಚಾರ್ಜ್ ಹಿಡಿಯುವ ಸಾಮರ್ಥ್ಯ ಒಂದೇ ಆಗಿದ್ದರೆ ಮಾತ್ರ. ಸೀರೀಸ್‌ನಲ್ಲಿ ಎರಡಕ್ಕೂ ಬರುವ ಚಾರ್ಜ್ ಒಂದೇ. ನಡುವಿನ ಪಟ್ಟಿಗೆ ಹೊರಗಿನ ಸಂಪರ್ಕವೇ ಇಲ್ಲವಾದ್ದರಿಂದ, ಮೇಲಿನ ಕ್ಯಾನಿನಿಂದ ಎಷ್ಟು ಚಾರ್ಜ್ ಸರಿಯುತ್ತದೋ ಅಷ್ಟೇ ಕೆಳಗಿನದಕ್ಕೆ ಹೋಗಬೇಕು, ಬೇರೆ ದಾರಿಯಿಲ್ಲ. ಚಾರ್ಜ್ ಒಂದೇ ಆದರೂ ವೋಲ್ಟೇಜ್ ಒಂದೇ ಆಗಬೇಕೆಂದಿಲ್ಲ. ಒಂದು ಚೊಂಬು ನೀರನ್ನು ಅಗಲವಾದ ಪಾತ್ರೆಗೆ ಸುರಿದರೆ ಮಟ್ಟ ಬೆರಳಿನಷ್ಟು ಏರುತ್ತದೆ, ಕಿರಿದಾದ ಲೋಟಕ್ಕೆ ಸುರಿದರೆ ಅಂಚಿಗೆ ಬಂದು ಚೆಲ್ಲುತ್ತದೆ. ಸಣ್ಣ ಕೆಪಾಸಿಟರಿನ ಪಾಡೂ ಅದೇ, ಹೆಚ್ಚಿನ ವೋಲ್ಟೇಜ್ ಅದರ ತಲೆಯ ಮೇಲೆಯೇ ಬೀಳುತ್ತದೆ.

ಆ ವರ್ಷದ ಫೆಬ್ರವರಿಯಲ್ಲಿ ಒಂದು ಫೇಸ್‌ನ ಕೆಳಗಿನ ಕ್ಯಾನ್ ಕೆಟ್ಟಿತು. ಅದೇ ಅಳತೆಯ ಬದಲಿ ಕ್ಯಾನ್ ಸ್ಟೋರಿನಲ್ಲಿ ಇರಲಿಲ್ಲ. ಅತ್ತ ಮೋಟರುಗಳು ಸುಡುತ್ತಿದ್ದವು. ಸ್ಟೇಷನ್ನಿನ ಉಸ್ತುವಾರಿ ನೋಡುತ್ತಿದ್ದ ಕಿರಿಯ ಇಂಜಿನಿಯರ್ ಶಿವಶಂಕರ ಬೇರೆಡೆ ಬಿಚ್ಚಿಟ್ಟಿದ್ದ ಒಂದು ಹಳೆಯ ಕ್ಯಾನನ್ನು ತರಿಸಿ ಹಾಕಿದ. ಬೋಲ್ಟಿನ ತೂತುಗಳು ಸರಿಯಾಗಿ ಕೂತವು, ಬ್ಯಾಂಕ್ ಚಾಲೂ ಆಯಿತು, ವೋಲ್ಟೇಜ್ ಏರಿತು. ನಮ್ಮ ವಿಭಾಗವನ್ನು ಯಾರೂ ಕೇಳಲಿಲ್ಲ. ಹೀಗೊಂದು ಬದಲಾವಣೆ ಆಗಿದೆ ಎಂಬುದು ನನಗೆ ಗೊತ್ತಾದದ್ದು ಮಾರ್ಚಿನಲ್ಲಿ ಸುಂದರನಿಗೆ ಶಾಕ್ ಹೊಡೆದ ಮೇಲೆ.

ಸುಂದರ ಆ ಸ್ಟೇಷನ್ನಿನ ಮೆಕ್ಯಾನಿಕ್. ಊರು ಸಂಸೆ, ವಯಸ್ಸು ನಲವತ್ತರ ಮೇಲೆ. ಹೆಚ್ಚು ಮಾತಿನವನಲ್ಲ. ಹೊಸದಾಗಿ ಬಂದ ಲೈನ್‌ಮನ್‌ಗಳಿಗೆ ಕಂಬ ಹತ್ತುವುದನ್ನು, ಹತ್ತುವ ಮೊದಲು ಅರ್ತ್ ರಾಡ್ ಹಾಕುವುದನ್ನು ಕಲಿಸುತ್ತಿದ್ದವನು ಅವನೇ. ಅರ್ತ್ ರಾಡ್ ಎಂದರೆ ಮರದ ಹಿಡಿಯ ತುದಿಗೆ ಲೋಹದ ಕೊಕ್ಕೆ ಇರುವ ಸರಳು. ಕೊಕ್ಕೆಯಿಂದ ಒಂದು ದಪ್ಪ ತಂತಿ ನೆಲಕ್ಕೆ ಹೋಗಿರುತ್ತದೆ. ಕರೆಂಟ್ ತೆಗೆದ ಮೇಲೆ ಅದನ್ನು ಲೈನಿಗೆ ಸಿಕ್ಕಿಸಿದರೆ ಉಳಿದಿದ್ದ ಚಾರ್ಜ್ ಭೂಮಿಗೆ ಇಳಿದುಹೋಗುತ್ತದೆ.

ಅಂದು ಬೆಳಗ್ಗೆ ಹಳೆಯ ಕ್ಯಾನ್ ಹೊಟ್ಟೆ ಉಬ್ಬಿಸಿಕೊಂಡಿರುವುದು ಕಾಣಿಸಿತು. ಬ್ಯಾಂಕನ್ನು ಆಫ್ ಮಾಡಿದರು. ಪ್ರತಿ ಕ್ಯಾನಿನ ಒಳಗೂ ಒಂದು ರೆಸಿಸ್ಟರ್ ಇರುತ್ತದೆ, ಆಫ್ ಮಾಡಿದ ಮೇಲೆ ಕೆಲವು ನಿಮಿಷಗಳಲ್ಲಿ ಚಾರ್ಜನ್ನು ಖಾಲಿ ಮಾಡುವುದು ಅದರ ಕೆಲಸ. ನಿಯಮದಂತೆ ಅಷ್ಟು ಹೊತ್ತು ಕಾದರು. ಸುಂದರ ಜೋಡಿಯ ಮೇಲಿನ ತುದಿಗೆ ಒಂದು ರಾಡ್, ಕೆಳಗಿನ ತುದಿಗೆ ಒಂದು ರಾಡ್ ಸಿಕ್ಕಿಸಿ, ಎರಡನ್ನೂ ಎಳೆದು ನೋಡಿ, ಸ್ಪ್ಯಾನರ್ ಹಿಡಿದು ಚೌಕಟ್ಟು ಹತ್ತಿದ. ಕ್ಯಾನ್ ಬಿಚ್ಚಬೇಕಾದರೆ ಮೊದಲು ನಡುವಿನ ತಾಮ್ರದ ಪಟ್ಟಿ ತೆಗೆಯಬೇಕು. ಅದಕ್ಕೆ ಸ್ಪ್ಯಾನರ್ ತಾಗಿಸಿದ ಕೂಡಲೇ ಪಟಾಕಿ ಹೊಡೆದಂತಹ ಸದ್ದಾಯಿತು, ಸುಂದರ ಹಿಮ್ಮುಖವಾಗಿ ಜಲ್ಲಿಯ ಮೇಲೆ ಬಿದ್ದ. ಪಕ್ಕದ ಎಸ್ಟೇಟಿನವರು ಜೀಪು ಕೊಟ್ಟರು. ಮೂಡಿಗೆರೆ ಆಸ್ಪತ್ರೆಯಲ್ಲಿ ಉಸಿರು ಸರಿಹೋಯಿತು. ಬಲಗೈ ಸರಿಹೋಗಲಿಲ್ಲ. ಅಲ್ಲಿಂದ ಮಂಗಳೂರಿಗೆ ಕಳಿಸಿದರು.

ಆ ಮಧ್ಯಾಹ್ನ, ಸಬ್‌ಸ್ಟೇಷನ್‌ಗಳಿಗೂ ನಮಗೂ ಮೇಲಧಿಕಾರಿಯಾಗಿದ್ದ ಎಕ್ಸಿಕ್ಯೂಟಿವ್ ಇಂಜಿನಿಯರ್ ಸಾಹೇಬರು ನನ್ನನ್ನು ಕರೆಸಿದರು.

"ನೋಡಮ್ಮ, ವಿದ್ಯುತ್ ಪರಿವೀಕ್ಷಕರು ವಿಚಾರಣೆಗೆ ಬರ್ತಾರೆ. ಅದಕ್ಕೆ ಮೊದಲು ನಿಮ್ಮದೊಂದು ಟೆಕ್ನಿಕಲ್ ರಿಪೋರ್ಟ್ ಬೇಕು. ಅರ್ತ್ ಸರಿಯಾಗಿ ಹಾಕದೆ ಹತ್ತಿದ್ದಾನೆ. ಹಾಕಿದ್ದರೆ ಶಾಕ್ ಎಲ್ಲಿಂದ ಹೊಡೀತದೆ?"

"ಹೋಗಿ ನೋಡಿ ಬರ್ತೀನಿ ಸಾರ್."

"ನೋಡಿ, ಬೇಡ ಅನ್ನಲ್ಲ. ನೋಡೋದಕ್ಕೆ ಎಂಥದೂ ಇಲ್ಲ ಅಲ್ಲಿ."

ಕೆಲಸಗಾರನ ತಪ್ಪು ಎಂದು ಒಂದು ಸಾಲು ಬರೆದರೆ ಕಡತ ಮುಚ್ಚುತ್ತದೆ. ಇಂತಹ ಸಾಲುಗಳನ್ನು ನಾನು ಬೇರೆಯವರ ವರದಿಗಳಲ್ಲಿ ಎಷ್ಟೋ ಓದಿದ್ದೆ. ಓದಿದಾಗಲೆಲ್ಲ ನಿಜವಿರಲೂಬಹುದು ಅನ್ನಿಸುತ್ತಿತ್ತು. ಈ ಸಲವೂ ಹಾಗೇ ಅನ್ನಿಸಿತು. ಎಷ್ಟೋ ವರ್ಷ ರಾಡ್ ಹಾಕಿದವನು ಒಂದು ದಿನ ಅವಸರ ಮಾಡಿರಬಹುದು.

ಮರುದಿನ ಸ್ಟೇಷನ್ನಿಗೆ ಹೋದರೆ ಎರಡೂ ರಾಡ್‌ಗಳು ಸಿಕ್ಕಿಸಿದಲ್ಲೇ ಇದ್ದವು. ಹೆದರಿ ಯಾರೂ ಮುಟ್ಟಿರಲಿಲ್ಲ. ಕೊಕ್ಕೆ ಬಿಗಿಯಾಗಿತ್ತು, ತಂತಿ ತುಂಡಾಗಿರಲಿಲ್ಲ, ಅರ್ತ್ ಕೂಡ ಚೆನ್ನಾಗಿತ್ತು. ಶಿವಶಂಕರ ನನ್ನ ಹಿಂದೆಯೇ ಸುತ್ತುತ್ತಿದ್ದ. ರಾತ್ರಿಯೆಲ್ಲ ನಿದ್ದೆ ಮಾಡದವನ ಮುಖ.

"ಹಾಕಿದ್ದ ಮೇಡಮ್, ನಾನೇ ನಿಂತು ನೋಡಿದ್ದೇನೆ. ಹೇಗೆ ಹೊಡೀತು ಅಂತಲೇ ಗೊತ್ತಾಗ್ತಿಲ್ಲ. ಎಲ್ಲ ಸರಿಯಾಗೇ ಮಾಡಿದ್ವಿ."

ಪ್ರತಿಯೊಂದು ಕ್ಯಾನಿನ ಎರಡು ತುದಿಗಳನ್ನೂ ತಾಮ್ರದ ತಂತಿಯಿಂದ ಕೂಡಿಸಿ, ಬೇರೆಬೇರೆಯಾಗಿ ಶಾರ್ಟ್ ಮಾಡಿ, ಕೆಳಗಿಳಿಸಿ, ಅಳತೆ ಮಾಡಲು ಕೂತೆ. ಮೇಲಿನ ಕ್ಯಾನ್ ಸರಿಯಾಗಿತ್ತು, ಅದರೊಳಗಿನ ರೆಸಿಸ್ಟರ್ ಕೂಡ. ಕೆಳಗಿನ ಹಳೆಯ ಕ್ಯಾನಿನ ಅಳತೆ ಬಂದಾಗ ಮೀಟರ್ ಕೆಟ್ಟಿದೆಯೇ ಎಂದು ಇನ್ನೊಮ್ಮೆ ನೋಡಿದೆ. ಅದರ ಸಾಮರ್ಥ್ಯ ಮೇಲಿನದರ ಅರ್ಧದಷ್ಟು ಮಾತ್ರ. ಅಂದರೆ ವೋಲ್ಟೇಜಿನ ಮೂರರಲ್ಲಿ ಎರಡು ಪಾಲನ್ನು ಅದೊಂದೇ ಹೊತ್ತಿತ್ತು, ತಾನು ಹೊರಬೇಕಾದದ್ದಕ್ಕಿಂತ ಬಹಳ ಹೆಚ್ಚು. ವಾರಗಟ್ಟಲೆ ಹಾಗೆ ಹೊತ್ತು ಕಾದು, ಉಬ್ಬಿ, ಒಳಗಿನ ರೆಸಿಸ್ಟರ್ ಸುಟ್ಟುಹೋಗಿತ್ತು.

ಚೌಕಟ್ಟಿನ ನೆರಳಿನಲ್ಲಿ ಒಂದು ಕಲ್ಲಿನ ಮೇಲೆ ಕೂತು ಲೆಕ್ಕ ಹಾಕಿದೆ. ಬ್ಯಾಂಕನ್ನು ಆಫ್ ಮಾಡಿದ ಕ್ಷಣದಲ್ಲಿ ಎರಡೂ ಕ್ಯಾನ್‌ಗಳಲ್ಲಿ ಒಂದೇ ಚಾರ್ಜ್ ಉಳಿದಿರುತ್ತದೆ. ಕಾಯುವ ಹೊತ್ತಿನಲ್ಲಿ ಮೇಲಿನದು ತನ್ನ ರೆಸಿಸ್ಟರ್ ಮೂಲಕ ಖಾಲಿಯಾಯಿತು. ಕೆಳಗಿನದಕ್ಕೆ ಖಾಲಿಯಾಗುವ ದಾರಿ ಇರಲಿಲ್ಲ. ಆಮೇಲೆ ಎರಡು ತುದಿಗಳಿಗೆ ರಾಡ್ ಬಿತ್ತು. ಆಗ ಕೆಳಗಿನ ಕ್ಯಾನಿನ ಚಾರ್ಜ್ ಭೂಮಿಗೆ ಪೂರ್ತಿ ಇಳಿಯುವ ಬದಲು, ಒಂದಷ್ಟು ಪಾಲು ಮೇಲಿನದಕ್ಕೆ ಹಂಚಿಹೋಗಿ ನಿಂತುಬಿಟ್ಟಿತು. ಅದು ಮೇಲಿನ ರೆಸಿಸ್ಟರ್ ಮೂಲಕ ಇಳಿಯಲು ಮತ್ತೆ ಕೆಲವು ನಿಮಿಷ ಬೇಕಿತ್ತು, ಸುಂದರ ಅದಕ್ಕೆ ಮೊದಲೇ ಹತ್ತಿದ್ದ. ಎರಡು ತುದಿಗಳ ನಡುವೆ ಅಳೆದರೆ ಸೊನ್ನೆ. ನಡುವಿನ ಪಟ್ಟಿಯಲ್ಲಿ ಮಾತ್ರ ಒಂದೆರಡು ಸಾವಿರ ವೋಲ್ಟ್ ಹಾಗೇ ಕೂತಿತ್ತು. ಅದಕ್ಕೆ ಹೊರಹೋಗಲು ದಾರಿ ಸಿಕ್ಕಿದ್ದು ಸುಂದರನ ಕೈಯಲ್ಲಿ.

ನಾಲ್ಕನೆಯ ದಿನ ಮಂಗಳೂರಿನ ಆಸ್ಪತ್ರೆಗೆ ಹೋದೆ. ಸುಂದರನ ಹೆಂಡತಿ ಲೀಲಾ ವಾರ್ಡಿನ ಹೊರಗೆ ಬೆಂಚಿನ ಮೇಲಿದ್ದಳು. ಎಸ್ಟೇಟ್ ಕೆಲಸದವಳು. ನನ್ನನ್ನು ಹಿಂದೆ ಒಮ್ಮೆ ನೋಡಿದ್ದಳು, ಗುರುತು ಹಿಡಿದು ಎದ್ದು ನಿಂತಳು.

"ಎರಡು ಬೆರಳು ತೆಗೆದ್ರು ಮೇಡಮ್. ಅದು ಹೋಗ್ಲಿ. ಇವರು ರಾಡ್ ಹಾಕಿದ್ರಾ ಇಲ್ವಾ? ಅಷ್ಟು ಹೇಳಿ ಸಾಕು. ಕುಡ್ಕೊಂಡು ಹತ್ತಿದ್ದ ಅಂತ ಊರಲ್ಲಿ ಮಾತಾಡ್ತಿದ್ದಾರಂತೆ. ಇವರು ಹಬ್ಬಕ್ಕೂ ಮುಟ್ಟಿದವರಲ್ಲ."

"ಹಾಕಿದ್ದರು, ಲೀಲಾ. ನಾನು ನೋಡಿ ಬಂದಿದ್ದೇನೆ."

"ಹಾಗಾದ್ರೆ ಅದನ್ನು ಒಳಗೆ ಹೋಗಿ ಅವರಿಗೆ ಹೇಳಿ. ನಾನು ಹೇಳಿದ್ರೆ ನಂಬ್ತಿಲ್ಲ."

ಸುಂದರ ಚಾವಣಿ ನೋಡುತ್ತ ಮಲಗಿದ್ದ. ನೋವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಮೇಲಿಂದು ನೆನಪುಂಟು ಮೇಡಮ್, ಎಳೆದು ನೋಡಿದ್ದೆ. ಕೆಳಗಿಂದು ನೆನಪಾಗ್ತಿಲ್ಲ. ಕೊಕ್ಕೆ ಸರಿ ಕೂತಿರ್ಲಿಲ್ವೇನೋ. ಇಷ್ಟು ಜನಕ್ಕೆ ಕಲಿಸಿ ನಾನೇ ಹೀಗೆ ಮಾಡಿದ್ನಾ ಅಂತ."

ಸಾಹೇಬರು ವರದಿಯಲ್ಲಿ ಬೇಡಿದ್ದ ಆ ಸಾಲನ್ನು ಅವನು ಆಗಲೇ ತನ್ನ ಮೇಲೆ ತಾನೇ ಬರೆದುಕೊಂಡಿದ್ದ. ಎರಡೂ ರಾಡ್ ಬಿಗಿಯಾಗೇ ಇದ್ದವು ಎಂದೆ. ತಲೆ ಅಲ್ಲಾಡಿಸಿದ, ಆದರೆ ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡ ಹಾಗಿತ್ತು. ಚಾರ್ಮಾಡಿ ಘಾಟಿಯಲ್ಲಿ ವಾಪಸ್ ಹತ್ತುವಾಗ, ಬರೆದರೆ ಸಾಲದು, ತೋರಿಸಬೇಕು ಎಂದು ತೀರ್ಮಾನಿಸಿದೆ. ಸುಸ್ತಾಗಿತ್ತು. ಇದನ್ನು ಬೇರೆ ಯಾರಾದರೂ ಮಾಡುವಂತಿದ್ದರೆ ಅವರಿಗೆ ಬಿಟ್ಟುಬಿಡುತ್ತಿದ್ದೆ.

ವಿಚಾರಣೆ ಮೂಡಿಗೆರೆಯ ಪ್ರವಾಸಿ ಮಂದಿರದಲ್ಲಿ ನಡೆಯಿತು. ಪರಿವೀಕ್ಷಕರು ನಿವೃತ್ತಿಗೆ ಹತ್ತಿರವಾಗಿದ್ದ ಅಧಿಕಾರಿ. ಅವರಿಗೆ ಅಂದೇ ಸಂಜೆ ಕಡೂರಿನ ಕಡೆ ಇನ್ನೊಂದು ಅಪಘಾತ ನೋಡುವುದಿತ್ತು. ಸಾಹೇಬರು ಶುರುವಿನಲ್ಲೇ, "ಕೇಸ್ ಸ್ಟ್ರೇಟ್ ಇದೆ ಸಾರ್. ಎರಡು ತುದಿಗೂ ಅರ್ತ್ ಇದ್ದರೆ ಅಲ್ಲಿ ವೋಲ್ಟೇಜ್ ಸೊನ್ನೆ. ಹೊಡೆದಿದೆ ಅಂದರೆ ಅರ್ತ್ ಇರಲಿಲ್ಲ" ಎಂದರು. ಪರಿವೀಕ್ಷಕರು ಪೆನ್ನು ತೆಗೆದರು.

"ಸಾರ್, ಒಂದು ಸಣ್ಣ ಪ್ರಯೋಗ ತೋರಿಸ್ತೀನಿ, ಆಮೇಲೆ ಬರೆಯಿರಿ" ಎಂದೆ.

ಊಟದ ಮೇಜಿನ ಮೇಲೆ ಪಂಪ್‌ಸೆಟ್ ಮೋಟರಿಗೆ ಹಾಕುವ, ಒಂದೇ ಅಳತೆಯ ಎರಡು ಕೆಪಾಸಿಟರ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿದೆ. ಮೊದಲನೆಯದಕ್ಕೆ ಮಾತ್ರ ಒಂದು ರೆಸಿಸ್ಟರ್ ಕಟ್ಟಿದೆ, ಅದು ನಮ್ಮ ಮೇಲಿನ ಕ್ಯಾನ್. ಎರಡನೆಯದಕ್ಕೆ ಏನೂ ಇಲ್ಲ, ಅದು ರೆಸಿಸ್ಟರ್ ಸುಟ್ಟ ಕೆಳಗಿನ ಕ್ಯಾನ್. ಟೆಸ್ಟಿಂಗ್ ಕಿಟ್‌ನಿಂದ ಇನ್ನೂರು ವೋಲ್ಟ್ ಡಿಸಿ ಕೊಟ್ಟು, ಮೊದಲನೆಯದು ಖಾಲಿಯಾಗಿ ಇನ್ನೂರೂ ಎರಡನೆಯದರ ಮೇಲೆ ಬರುವವರೆಗೆ ಕಾದು, ಸಪ್ಲೈ ತೆಗೆದೆ. ಒಂದು ತಂತಿಯಿಂದ ಎರಡೂ ತುದಿಗಳನ್ನು ಕೂಡಿಸಿದೆ. ಚಿಟ್ ಎಂದು ಕಿಡಿ ಹಾರಿತು. ತಂತಿಯನ್ನು ಅಲ್ಲೇ ಬಿಗಿದುಬಿಟ್ಟೆ.

"ಇದು ಅರ್ತ್ ಹಾಕಿದ ಹಾಗೆ. ಈಗ ಅಳೀರಿ ಸಾರ್."

ಪರಿವೀಕ್ಷಕರು ಮೀಟರಿನ ಎರಡು ಕಡ್ಡಿಗಳನ್ನು ಎರಡು ತುದಿಗೆ ಹಿಡಿದರು. ಸೊನ್ನೆ.

"ನೋಡಿ, ಅದೇ ನಾನು ಹೇಳಿದ್ದು" ಎಂದರು ಸಾಹೇಬರು.

"ಒಂದು ಕಡ್ಡಿ ಅಲ್ಲೇ ಇರಲಿ ಸಾರ್, ಇನ್ನೊಂದನ್ನು ಮಧ್ಯಕ್ಕೆ ಹಿಡೀರಿ."

ಹಿಡಿದರು. ಮೀಟರ್ ನೂರರ ಹತ್ತಿರ ಬಂದು ನಿಂತಿತು. ಅವರು ಕಡ್ಡಿ ತೆಗೆದು, ಕನ್ನಡಕ ಸರಿಮಾಡಿಕೊಂಡು, ಮತ್ತೆ ಹಿಡಿದರು. ನಾನು ಒಂದು ಸಣ್ಣ ನಿಯಾನ್ ಬಲ್ಬಿನ ಒಂದು ತಂತಿಯನ್ನು ತುದಿಗೂ ಇನ್ನೊಂದನ್ನು ನಡುವಿಗೂ ತಾಗಿಸಿದೆ. ಕೆಂಪಗೆ ಹೊತ್ತಿ ಆರಿತು. ಕಿಟಕಿಯ ಹತ್ತಿರ ನಿಂತಿದ್ದ ಇಬ್ಬರು ಲೈನ್‌ಮನ್‌ಗಳು ಹತ್ತಿರ ಬಂದರು. ಒಬ್ಬ ಮೆಲ್ಲಗೆ, "ಎಂಥದು ಮಾರಾಯ, ನಾವು ದಿನಾ ಕೈ ಹಾಕೋ ಜಾಗ ಅದೇ ಅಲ್ವನಾ?" ಎಂದ.

ಪರಿವೀಕ್ಷಕರು ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು, ತೋರಿಸಿದೆ. ಆಮೇಲೆ ಕ್ಯಾನ್‌ಗಳ ಅಳತೆಯನ್ನು ಮುಂದಿಟ್ಟೆ. ಅವರು ಅದನ್ನು ಓದಿ, "ಅರ್ಧ ಅಳತೆಯ ಕ್ಯಾನ್ ಅಲ್ಲಿಗೆ ಹೇಗೆ ಬಂತು?" ಎಂದು ಕೇಳಿದರು.

ಶಿವಶಂಕರ ಎದ್ದು ನಿಂತ. "ಹಾಕಿಸಿದ್ದು ನಾನೇ ಸಾರ್. ಅಳತೆ ಬೇರೆ ಇದೆ ಅಂತ ಫೋನಲ್ಲಿ ಸಾಹೇಬರಿಗೆ ಹೇಳಿದ್ದೆ. ಸದ್ಯಕ್ಕೆ ಹಾಕಿ ನಡೆಸಿ ಅಂದ್ರು."

"ಹೊಂದೋ ಕ್ಯಾನ್ ಹಾಕಿ ಅಂದಿದ್ದೆ ನಾನು" ಎಂದರು ಸಾಹೇಬರು, ಅವನತ್ತ ನೋಡದೆ.

"ಬೋಲ್ಟಿಗೆ ಹೊಂದುತ್ತೆ ಅಂದೆ ಸಾರ್. ಹಾಗಾದ್ರೆ ಹಾಕಿ ಅಂದ್ರಿ."

ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇಲ್ಲ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಪರಿವೀಕ್ಷಕರ ವರದಿ ಮಳೆಗಾಲದಲ್ಲಿ ಬಂತು. ಕೆಲಸಗಾರನ ನಿರ್ಲಕ್ಷ್ಯ ಇಲ್ಲ, ಅವನು ಆಗ ಜಾರಿಯಲ್ಲಿದ್ದ ನಿಯಮದಂತೆಯೇ ನಡೆದುಕೊಂಡಿದ್ದ ಎಂದಿತ್ತು. ಸುಂದರನ ನೌಕರಿ ಉಳಿಯಿತು, ಅವನಿಗೆ ಸಿಗಬೇಕಾದ ಪರಿಹಾರವೂ ಅಲೆದಾಡಿಸಿದ ಮೇಲೆ ಸಿಕ್ಕಿತು. ಕೆಪಾಸಿಟರ್ ಮುಟ್ಟುವ ಮೊದಲು ಎರಡು ತುದಿಗಳಷ್ಟೇ ಅಲ್ಲ, ನಡುವಿನ ಪಟ್ಟಿಗೂ ಅರ್ತ್ ಹಾಕಬೇಕು, ಒಂದೊಂದು ಕ್ಯಾನನ್ನೂ ಬೇರೆಯಾಗಿ ಶಾರ್ಟ್ ಮಾಡಬೇಕು ಎಂದು ನಮ್ಮ ಎಲ್ಲ ಸ್ಟೇಷನ್‌ಗಳಿಗೂ ಆದೇಶ ಹೋಯಿತು. ಹೊಂದದ ಕ್ಯಾನ್ ಹಾಕಿದ್ದಕ್ಕೆ ಶಿವಶಂಕರನಿಗೆ ಒಂದು ವರ್ಷದ ಇನ್‌ಕ್ರಿಮೆಂಟ್ ತಡೆಹಿಡಿದರು. ಸಾಹೇಬರಿಗೆ ಏನೂ ಆಗಲಿಲ್ಲ. ಮುಂದಿನ ವರ್ಷ ಬಡ್ತಿ ಸಿಕ್ಕಿ ಬೇರೆ ಜಿಲ್ಲೆಗೆ ಹೋದರು. ಬೀಳ್ಕೊಡುಗೆಯಲ್ಲಿ ನನ್ನ ಕೈಕುಲುಕಿ, "ನೀವು ಮೇಷ್ಟ್ರಾಗಬೇಕಿತ್ತು" ಎಂದರು. ಅದನ್ನು ಹೊಗಳಿಕೆ ಎಂದುಕೊಳ್ಳುವಷ್ಟು ಉತ್ಸಾಹ ನನ್ನಲ್ಲಿ ಉಳಿದಿರಲಿಲ್ಲ.

ವರದಿಯ ಸುದ್ದಿ ಹೇಳಲು ಸಂಸೆಗೆ ಹೋದೆ. ಸುಂದರ ಎಡಗೈಯಲ್ಲಿ ಬರೆಯುವುದನ್ನು ಅಭ್ಯಾಸ ಮಾಡುತ್ತಿದ್ದ. ಕಂಬ ಹತ್ತುವ ಕೆಲಸ ಮುಗಿದಿತ್ತು, ಇನ್ನು ಮುಂದೆ ಕಂಟ್ರೋಲ್ ರೂಮಿನಲ್ಲಿ ರೀಡಿಂಗ್ ಬರೆಯಬೇಕಿತ್ತು. ಲೀಲಾ ಕಾಫಿ ತಂದಿಟ್ಟು ಅಲ್ಲೇ ಬಾಗಿಲಿಗೆ ಒರಗಿ ನಿಂತಳು. ನಾನು ಒಂದು ಹಾಳೆಯ ಮೇಲೆ ಎರಡು ಕ್ಯಾನ್ ಬರೆದು, ತುದಿಗಳಲ್ಲಿ ರಾಡ್ ಬರೆದು, ಚಾರ್ಜ್ ಎಲ್ಲಿ ಉಳಿಯಿತು, ಯಾಕೆ ಉಳಿಯಿತು ಎಂದು ವಿವರಿಸಿದೆ. ಅವನು ಎರಡು ಸಲ ಕೇಳಿಸಿಕೊಂಡ.

"ಹಾಗಾದ್ರೆ ನನ್ನ ರಾಡ್ ಎರಡೂ ಸರಿ ಇತ್ತು."

"ಎರಡೂ ಸರಿ ಇತ್ತು."

"ಮಧ್ಯಕ್ಕೆ ಇನ್ನೊಂದು ಹಾಕಿದ್ರೆ ಎಂಥದೂ ಆಗ್ತಿರ್ಲಿಲ್ಲ."

"ಆಗ್ತಿರಲಿಲ್ಲ."

ಅವನು ಹಾಳೆಯ ಮೇಲಿನ ನಡುವಿನ ಗೆರೆಯನ್ನು ನೋಡುತ್ತಲೇ ಇದ್ದ. "ಅಷ್ಟೇನಾ ಮೇಡಮ್?" ಎಂದ.

"ಅಷ್ಟೇ" ಎಂದೆ.

ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಲೀಲಾ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಬೆರಳು ಹೋದ ದಿನ ಅಳದಿದ್ದವಳು ಆವತ್ತು ಅತ್ತಳು ಎಂದು ಸುಂದರ ಆಮೇಲೆ ಯಾವಾಗಲೋ ಹೇಳಿದ.

ನಿವೃತ್ತಿಯವರೆಗೆ ಇನ್ನೂ ಒಂದು ದಶಕ ಅದೇ ಕೆಲಸ ಮಾಡಿದೆ. ಎಷ್ಟೋ ಅಪಘಾತಗಳ ವರದಿ ಬರೆದೆ, ಕೆಲವನ್ನು ಯಾರಾದರೂ ಓದಿರಲೂಬಹುದು. ತರಬೇತಿಗೆ ಬಂದ ಹೊಸ ಇಂಜಿನಿಯರ್‌ಗಳಿಗೆ ಸೀರೀಸ್ ಕೆಪಾಸಿಟರಿನ ಸೂತ್ರ ನನಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು: ಚಾರ್ಜ್ ಸಮ, ವೋಲ್ಟೇಜ್ ಹಂಚಿಕೆ. ಅವರಿಗೆ ನಾನು ಬೇರೆ ಒಂದನ್ನು ಮಾತ್ರ ಹೇಳುತ್ತಿದ್ದೆ. ಯಾರಾದರೂ ಬಂದು ಮೀಟರ್ ಸೊನ್ನೆ ತೋರಿಸಿತು ಎಂದರೆ, ಸಂತೋಷ ಪಡುವ ಮೊದಲು ಕಡ್ಡಿಗಳನ್ನು ಎಲ್ಲಿ ಹಿಡಿದಿದ್ದಿರಿ ಎಂದು ಕೇಳಿ. ಉತ್ತರ ಬಂದ ಮೇಲೂ ಅಲ್ಲಿಗೆ ನೀವೇ ಹೋಗಿ, ಮನುಷ್ಯ ಕೈ ಇಡುವ ಜಾಗ ಯಾವುದೋ ಅಲ್ಲಿ ಅಳೆಯಿರಿ. ಹೋಗಿಬರುವುದರಲ್ಲಿ ಸೊಂಟ ನೋಯುತ್ತದೆ, ಮೇಲಿನವರಿಗೆ ಹಿಡಿಸುವುದಿಲ್ಲ, ಆದರೂ ಹೋಗಿ. ನನ್ನ ನೌಕರಿ ನನಗೆ ಕಲಿಸಿದ್ದು ಇಷ್ಟನ್ನೇ.